ಸ್ವರ್ಗದಿಂದ ಬಿದ್ದ ಕಾಗದ

(ಕಾರ್ಮಿಕ ವಾಚನಾಲಯದ ಭಾನುವಾರದ ಸಭೆಯಲ್ಲಿ ನಾವು ಮಾಡಿದ ಭಾಷಣ. ಸಭೆಗೆ ಬರಲಾಗದ ರಾತ್ರಿ ಪಾಳಿಯ ಸಂಗಾತಿಗಳ ಅಪೇಕ್ಷೆಯಂತೆ ಇಲ್ಲಿ ಅಚ್ಚುಮಾಡಲಾಗಿದೆ.)



ಇಂದಿನ ಭಾಷಣಕ್ಕೆ ಕಾರಣವಾದ ಒಂದು ಸಣ್ಣ ಸಂಗತಿಯನ್ನು ಮೊದಲು ಹೇಳುತ್ತೇವೆ. ಮೂರು ವಾರದ ಹಿಂದೆ, ಎರಡನೆಯ ಪಾಳಿ ಶುರುವಾಗುವ ಮುಂಚೆ, ಗಿರಣಿಯ ಗೇಟಿನೆದುರಿನ ಚಹದಂಗಡಿಯಲ್ಲಿ ಕೂತಿದ್ದೆವು. ನಮ್ಮ ಸಂಘದ ಒಬ್ಬ ಕ್ರೈಸ್ತ ಸಂಗಾತಿ ಫೋನು ಹಿಡಿದುಕೊಂಡು ಬಂದ. ಅದರಲ್ಲಿ ಯೇಸುಸ್ವಾಮಿಯ ಚಿತ್ರ. ಕೆಳಗೆ ಒಂದು ಒಕ್ಕಣೆ: ಇದನ್ನು ಒಂದು ಗಂಟೆಯೊಳಗೆ ಹನ್ನೆರಡು ಜನಕ್ಕೆ ಕಳಿಸಿದವರಿಗೆ ಮೂರು ದಿನದಲ್ಲಿ ಶುಭವಾರ್ತೆ ಬರುತ್ತದೆ, ತಾತ್ಸಾರ ಮಾಡಿ ಅಳಿಸಿದವನೊಬ್ಬ ತನ್ನ ಮಗನನ್ನು ಕಳೆದುಕೊಂಡ.

"ಕಳಿಸಿಬಿಟ್ಟೆಯೇನಪ್ಪ?" ಎಂದು ಕೇಳಿದೆವು.

"ಕಳಿಸಿದೆ ಮೇಷ್ಟ್ರೇ. ಮಗಳಿಗೆ ಒಂದು ವಾರದಿಂದ ಜ್ವರ. ಇದು ಸುಳ್ಳೇ ಇರಬಹುದು. ಆದರೆ ಕಳಿಸದೆ ಬಿಟ್ಟು, ನಾಳೆ ಏನಾದರೂ ಆದರೆ?"

ಪಕ್ಕದಲ್ಲಿ ಕೂತಿದ್ದ ಇನ್ನೊಬ್ಬ ಜೋರಾಗಿ ನಕ್ಕ. "ಅವರ ಜಾತಿಯವರದ್ದು ಇದೇ ಕಥೆ ಬಿಡಿ" ಎಂದ. ನಾವು ಆ ನಕ್ಕವನ ಫೋನನ್ನು ಕೇಳಿ ತೆಗೆದುಕೊಂಡೆವು. ನೋಡಿದರೆ ಅದರಲ್ಲಿಯೂ ಅದೇ ಒಕ್ಕಣೆ! ಅದೇ ಹನ್ನೆರಡು ಜನ, ಅದೇ ಒಂದು ಗಂಟೆ, ಅದೇ ಸತ್ತ ಮಗ. ಚಿತ್ರ ಮಾತ್ರ ಶಿರಡಿಯ ಸಾಯಿಬಾಬಾ ಅವರದು. ಅದನ್ನು ಅವನೂ ಹಿಂದಿನ ದಿನವೇ ಮುಂದಕ್ಕೆ ಕಳಿಸಿದ್ದ. ಅಂಗಡಿಯಲ್ಲಿ ಆಮೇಲೆ ಯಾರೂ ನಗಲಿಲ್ಲ.

ಬಂಧುಗಳೇ, ಇಂದು ನಾವು ಹೆಚ್ಚಾಗಿ ಕ್ರೈಸ್ತ ಸಮಾಜದ ಉದಾಹರಣೆಗಳನ್ನು ಕೊಡಲಿದ್ದೇವೆ. ಮಾತು ಅಲ್ಲಿಂದ ಹೊರಟದ್ದರಿಂದ ಹೀಗೆ. ಇದನ್ನು ಹಿಡಿದುಕೊಂಡು ಯಾರಾದರೂ ನೆರೆಮನೆಯ ಕ್ರೈಸ್ತನನ್ನು ಹಂಗಿಸಲು ಹೊರಟರೆ, ಅಂಥವನಿಗೆ ಈ ಭಾಷಣ ಅರ್ಥವಾಗಿಲ್ಲವೆಂದೇ ತಿಳಿಯಬೇಕು. ತಿರುಪತಿ ತಿಮ್ಮಪ್ಪನ ಹೆಸರಿನಲ್ಲಿ, ಸಂತೋಷಿಮಾತೆಯ ಹೆಸರಿನಲ್ಲಿ ಕಾರ್ಡು ಬರೆದು ಬರೆದು ಬೆರಳು ಸವೆಸಿಕೊಂಡವರು ನಮ್ಮ ಮನೆಗಳಲ್ಲೇ ಇದ್ದರಲ್ಲವೆ? ನಾವು ಶಾಲೆಯಲ್ಲಿ ಓದುತ್ತಿದ್ದಾಗ ಅಂಥದೊಂದು ಕಾರ್ಡು ಬಂದು, ನಮ್ಮ ತಾಯಿ ಬೇಳೆ ತರಲು ಇಟ್ಟಿದ್ದ ದುಡ್ಡಿನಲ್ಲಿ ಕಾರ್ಡು ಕೊಂಡು ತರಿಸಿದ್ದರು. ಆ ವಾರ ಸಾರಿಗೆ ಬೇಳೆ ಇರಲಿಲ್ಲ. ಈಗ ಕಾರ್ಡಿನ ಖರ್ಚು ತಪ್ಪಿದೆ. ಅದೊಂದೇ ಸುಧಾರಣೆ!

ಹಳೆಯ ಸರಕು

ಈ ಸರಕು ಹೊಸದಲ್ಲ. ಫೋನು ಹುಟ್ಟುವುದಕ್ಕೆ ಹನ್ನೆರಡು ನೂರು ವರ್ಷಕ್ಕೂ ಹೆಚ್ಚು ಮುಂಚೆಯೇ ಇತ್ತು. ಕ್ರಿ. ಶ. 6ನೆಯ ಶತಮಾನದ ಕೊನೆಯ ಭಾಗದಲ್ಲಿ, ಸ್ಪೇನ್ ದೇಶದ ಪೂರ್ವಕ್ಕಿರುವ ಇಬಿಜಾ ದ್ವೀಪದ ಬಿಷಪ್ ವಿನ್ಸೆಂಟ್ ಎಂಬಾತನಿಗೆ ಒಂದು ಕಾಗದ ಸಿಕ್ಕಿತು. ಅದನ್ನು ಸಾಕ್ಷಾತ್ ಕ್ರಿಸ್ತನೇ ಬರೆದು ಸ್ವರ್ಗದಿಂದ ಕೆಳಕ್ಕೆ ಬಿಟ್ಟನೆಂದು ಪ್ರತೀತಿ. ಭಾನುವಾರದಂದು ದುಡಿಯಕೂಡದೆಂಬುದು ಅದರ ಆಜ್ಞೆ. ವಿನ್ಸೆಂಟ್ ಅದನ್ನು ನಂಬಿ ಚರ್ಚಿನಲ್ಲಿ ಜನರಿಗೆ ಓದಿಸಿದ. ಆಗ ಅವನನ್ನು ಖಂಡಿಸಿದವರು ಯಾರು? ನಾಸ್ತಿಕರಲ್ಲ, ಸಮಾಜವಾದಿಗಳೂ ಅಲ್ಲ. ಕಾರ್ತಜೀನಾ ಪಟ್ಟಣದ ಬಿಷಪ್ ಲಿಸಿನಿಯಾನಸ್! ಪ್ರವಾದಿಗಳ ವಚನ, ಸುವಾರ್ತೆ, ಅಪೊಸ್ತಲರ ಪತ್ರ ಇಷ್ಟೆಲ್ಲ ಕೈಯಲ್ಲಿರುವಾಗ ಆಕಾಶದಿಂದ ಹೊಸ ಕಾಗದ ಏತಕ್ಕೆ ಬೀಳಬೇಕು ಎಂಬುದು ಅವನ ವಾದ.

ಸಂಗಾತಿಗಳೇ, ವಾರಕ್ಕೊಂದು ದಿನ ರಜ ಬೇಕೆಂಬುದರಲ್ಲಿ ನಮಗೂ ತಕರಾರಿಲ್ಲ. ಆದರೆ ರಜವನ್ನು ನ್ಯಾಯದಿಂದ ಕೇಳಬೇಕು, ಸುಳ್ಳು ಕಾಗದದಿಂದಲ್ಲ.

ಮುಂದೆ 745ರಲ್ಲಿ ಪೋಪ್ ಜಕಾರಿಯಾಸ್ ರೋಮಿನಲ್ಲಿ ಸಭೆ ಕರೆದು ಆಲ್ಡೆಬರ್ಟ್ ಎಂಬ ಬೋಧಕನ ಮೇಲಿನ ದೂರನ್ನು ವಿಚಾರಿಸಿದ. ಈ ಆಲ್ಡೆಬರ್ಟನೂ ಸ್ವರ್ಗದಿಂದ ಬಿದ್ದ ಕಾಗದವೊಂದನ್ನು ಇಟ್ಟುಕೊಂಡಿದ್ದ. ಸಾಲದೆಂಬಂತೆ ತನ್ನ ಉಗುರು, ತನ್ನ ಕೂದಲನ್ನೇ ಜನರಿಗೆ ಪವಿತ್ರ ವಸ್ತುವೆಂದು ಹಂಚುತ್ತಿದ್ದ. ಸಭೆ ಅವನನ್ನು ಪದಚ್ಯುತಗೊಳಿಸಿತು. 789ರಲ್ಲಿ ರಾಜ ಶಾರ್ಲಮೇನ್ ತನ್ನ ರಾಜ್ಯಕ್ಕೆಲ್ಲ ಹೊರಡಿಸಿದ ಶಾಸನದಲ್ಲಿ, ಅಂಥ ಕಾಗದವನ್ನು ಯಾರೂ ಓದಕೂಡದು, ನಂಬಕೂಡದು, ಬೆಂಕಿಗೆ ಹಾಕತಕ್ಕದ್ದು ಎಂದು ಅಪ್ಪಣೆ ಮಾಡಿದ.

ಕಾಗದ ಸುಟ್ಟಿತೇ? ಇಲ್ಲ. ಅಚ್ಚಿನ ಯಂತ್ರ ಬಂದ ಮೇಲೆ ಇನ್ನೂ ಹೆಚ್ಚಿತು. ಮನೆಯಲ್ಲಿಟ್ಟರೆ ಬೆಂಕಿ ತಾಗದು, ಮೈಮೇಲೆ ಧರಿಸಿದರೆ ಗುಂಡು ತಾಗದು ಎಂದು ಮಾರಿದರು. 1914ರಲ್ಲಿ ಶುರುವಾದ ಮಹಾಯುದ್ಧದಲ್ಲಿ ಜರ್ಮನಿಯ ಸಿಪಾಯಿಗಳು ಇಂಥ ಕಾಗದವನ್ನು ಜೇಬಿನಲ್ಲಿಟ್ಟುಕೊಂಡು ಕಂದಕಕ್ಕೆ ಇಳಿದರು. ಅವರೂ ನಮ್ಮಂತೆಯೇ ರೈತರ, ಗಿರಣಿಯವರ ಮಕ್ಕಳು. ಗುಂಡಿಗೆ ಓದಲು ಬರುವುದಿಲ್ಲವಲ್ಲ! ಆ ಯುದ್ಧದಲ್ಲಿ ಜರ್ಮನಿಯೊಂದರಿಂದಲೇ ಲಕ್ಷಾಂತರ ಸಿಪಾಯಿಗಳು ಸತ್ತರು.

ಲೆಕ್ಕ ಹಾಕಿ ನೋಡಿ

ಮೇಷ್ಟ್ರಾಗಿದ್ದವರು ಲೆಕ್ಕ ಬಿಟ್ಟಾರೆಯೇ? ಆ ಒಕ್ಕಣೆ ಹೇಳುವಂತೆ ಪ್ರತಿಯೊಬ್ಬನೂ ಗಂಟೆಗೆ ಹನ್ನೆರಡು ಹೊಸ ಜನಕ್ಕೆ ಕಳಿಸಿದನೆನ್ನಿ. ಮೊದಲನೆಯ ಗಂಟೆಗೆ 12. ಎರಡನೆಯ ಗಂಟೆಗೆ 144. ಮೂರನೆಯದಕ್ಕೆ 1,728. ಐದನೆಯದಕ್ಕೆ 2,48,832. ಎಂಟು ಗಂಟೆಯ ಒಂದು ಪಾಳಿ ಮುಗಿದು ಸೈರನ್ ಕೂಗುವ ಹೊತ್ತಿಗೆ 42 ಕೋಟಿ 99 ಲಕ್ಷ! ಎಲ್ಲರೂ ಹಾಗೆ ಮಾಡುವುದಿಲ್ಲ, ಕಳಿಸಿದವರಿಗೇ ಮತ್ತೆ ಕಳಿಸುವುದೂ ಉಂಟು, ನಿಜ. ಆದರೆ ಹತ್ತರಲ್ಲಿ ಒಬ್ಬಿಬ್ಬರು ಹೆದರಿದರೂ ಸಾಕು, ಕಾಗದ ಬದುಕಿಕೊಳ್ಳುತ್ತದೆ.

ಈ ವೇಗ ಜೀವ ತೆಗೆದದ್ದನ್ನು ನಮ್ಮ ನಾಡೇ ಕಂಡಿದೆ. 2018ರ ಜುಲೈಯಲ್ಲಿ ಬೀದರ ಜಿಲ್ಲೆಯ ಮುರ್ಕಿ ಎಂಬ ಹಳ್ಳಿಯಲ್ಲಿ, ಮಕ್ಕಳ ಕಳ್ಳರು ಬಂದಿದ್ದಾರೆಂಬ ವಾಟ್ಸಪ್ ಸುದ್ದಿಯನ್ನು ನಂಬಿದ ಜನ ಒಬ್ಬ ತರುಣನನ್ನು ಹೊಡೆದು ಕೊಂದರು. ದೇಶದಲ್ಲೆಲ್ಲ ಇಂಥ ಕೊಲೆಗಳಾದ ಮೇಲೆ ಆ ಕಂಪನಿ, ಒಂದು ಸಂದೇಶವನ್ನು ಒಂದು ಸಲಕ್ಕೆ ಐದು ಕಡೆಗಿಂತ ಹೆಚ್ಚು ಕಳಿಸಲಾಗದಂತೆ ಆ ತಿಂಗಳೇ ನಿರ್ಬಂಧ ಹಾಕಿತು. ಬೆಂಕಿಯ ಮೇಲೆ ಒಂದು ಚೊಂಬು ನೀರು ಹಾಕಿದಂತಾಯಿತು, ಅಷ್ಟೆ.

ನಮ್ಮ ತಪ್ಪು

ಇಲ್ಲಿ ನಾವೊಂದು ತಪ್ಪನ್ನು ಒಪ್ಪಿಕೊಳ್ಳಬೇಕಾಗಿದೆ. ಇತರರಿಗೆ ಬುದ್ಧಿ ಹೇಳುವವರು ಮೊದಲು ತಮ್ಮ ಖಾತೆಯನ್ನು ತೆರೆದು ತೋರಿಸಬೇಕು.

2020ರ ಮಾರ್ಚಿನಲ್ಲಿ ಕೊರೋನಾ ಬಂತು. ಬಿಸಿ ಉಪ್ಪುನೀರು ಬಾಯಿ ಮುಕ್ಕಳಿಸಿದರೆ ಗಂಟಲಿನಲ್ಲಿಯೇ ವೈರಸ್ ಸಾಯುತ್ತದೆಂದು ಒಂದು ಸಂದೇಶ ನಮ್ಮ ಕೈಗೂ ಬಂತು. ಯಾರೋ ದೊಡ್ಡ ಡಾಕ್ಟರ ಹೆಸರಿತ್ತು. ನಾವು ಹಿಂದೆಮುಂದೆ ನೋಡದೆ ಸಂಘದ ಗುಂಪಿಗೆ ಕಳಿಸಿದೆವು. ಒಳ್ಳೆಯ ಕೆಲಸ ಮಾಡಿದೆವೆಂದು ಸಂತೋಷವನ್ನೂ ಪಟ್ಟೆವು.

ಅದೇ ಮಾರ್ಚ್ ತಿಂಗಳಲ್ಲಿ ದಕ್ಷಿಣ ಕೊರಿಯಾದ ಸಿಯೋಂಗ್ನಾಮ್ ಪಟ್ಟಣದ ಒಂದು ಚರ್ಚಿನಲ್ಲಿ, ಇದೇ ಉಪ್ಪುನೀರಿನ ಸುದ್ದಿಯನ್ನು ನಂಬಿದವರು ಸ್ಪ್ರೇ ಬಾಟಲಿಯಲ್ಲಿ ಉಪ್ಪುನೀರು ತುಂಬಿ, ಪ್ರಾರ್ಥನೆಗೆ ಬಂದವರ ಬಾಯಿಗೆ ಸಾಲಾಗಿ ಸಿಂಪಡಿಸಿದರು. ಬಾಟಲಿಯ ಮೂತಿ ಒಬ್ಬರ ಬಾಯಿಂದ ಇನ್ನೊಬ್ಬರ ಬಾಯಿಗೆ ಹೋಯಿತು, ನಡುವೆ ತೊಳೆಯಲಿಲ್ಲ. ಮಾರ್ಚ್ ನಡುವಿನ ಹೊತ್ತಿಗೆ ಅಲ್ಲಿ 46 ಜನಕ್ಕೆ ಸೋಂಕು ತಗಲಿದ್ದು ಗೊತ್ತಾಯಿತು. ಪಾದ್ರಿಗೂ ತಗಲಿತ್ತು. ಅವರು ಜನರಲ್ಲಿ ಕ್ಷಮೆ ಕೇಳಿದರು. ಅವರೇನು ದುಷ್ಟರೇ? ಅಲ್ಲ. ತಮ್ಮ ಜನರನ್ನು ಉಳಿಸಬೇಕೆಂದೇ ಹೊರಟವರು.

ಆ ಸುದ್ದಿ ಓದಿ ನಾವು "ಎಂಥ ಮೂಢರು!" ಎಂದೆವು. ನಾವು ಕಳಿಸಿದ್ದೂ ಅದೇ ಉಪ್ಪುನೀರೆಂಬುದು ಆಗ ಹೊಳೆಯಲಿಲ್ಲ. ಹೊಳೆದದ್ದು ಶ್ರಾವಣದಲ್ಲಿ. ರಿಂಗ್ ಫ್ರೇಮ್ ಖಾತೆಯ ಹಿರಿಯರೊಬ್ಬರಿಗೆ ಜ್ವರ ಬಂತು. ಆರು ದಿನ ಮನೆಯಲ್ಲಿಯೇ ಉಪ್ಪುನೀರು ಮುಕ್ಕಳಿಸುತ್ತ ಕೂತರು. ಏಳನೆಯ ದಿನ ಉಸಿರು ಸಿಕ್ಕದೆ ಆಸ್ಪತ್ರೆಗೆ ಹೊತ್ತರು. ಹತ್ತೊಂಬತ್ತು ದಿನದ ಮೇಲೆ ಬದುಕಿ ಬಂದರು. ಆದರೆ ಮೊದಲಿನ ದಮ್ಮು ಬರಲಿಲ್ಲ. ಈಗ ಗೇಟಿನಲ್ಲಿ ಸ್ಟೂಲಿನ ಮೇಲೆ ಕೂತು ಹಾಜರಿ ನೋಡುವ ಕೆಲಸ, ಪಗಾರವೂ ಕಡಿಮೆ. ನೋಡಲು ಹೋದಾಗ ಅವರು ಬೈಯಲಿಲ್ಲ. "ನೀವು ಕಳಿಸಿದ್ದಲ್ವ ಮೇಷ್ಟ್ರೇ, ಅದಕ್ಕೇ ನಂಬಿದೆ" ಎಂದರು. ಅವರ ಅಪ್ಪಣೆ ಪಡೆದೇ ಇದನ್ನು ಇಲ್ಲಿ ಹೇಳುತ್ತಿದ್ದೇವೆ.

ಬಂಧುಗಳೇ, ಈ ಒಂದು ಮಾತಿನಲ್ಲಿ ಎಲ್ಲವೂ ಇದೆ. ಅವರು ನಂಬಿದ್ದು ಸಂದೇಶವನ್ನಲ್ಲ, ಕಳಿಸಿದವರನ್ನು. ವ್ಯಾಪಾರಿ ಬಂಧುಗಳಿಗೆ ಇದು ಬೇಗ ಅರ್ಥವಾಗುತ್ತದೆ. ನೀವು ಉದ್ರಿ ಕೊಡುವುದು ಮುಖ ನೋಡಿ. ಗೊತ್ತಿರುವವನು ಜಾಮೀನು ನಿಂತರೆ ಗೊತ್ತಿಲ್ಲದವನಿಗೂ ಕೊಡುತ್ತೀರಿ. ಎಲ್ಲಿಯೋ ಹುಟ್ಟಿದ ಸುಳ್ಳಿಗೆ ನಮ್ಮೂರಲ್ಲಿ ಪತ್ತು ಇಲ್ಲ. ಅದಕ್ಕೆ ಜಾಮೀನು ನಿಲ್ಲುವವರು ನಾವು. ಫೋನಿನ ಮೇಲೆ ಬೆರಳೊತ್ತಿದಾಗಲೆಲ್ಲ ನಾವೊಂದು ಜಾಮೀನು ಚೀಟಿಗೆ ಸಹಿ ಹಾಕುತ್ತಿದ್ದೇವೆ. ಸಾಲ ತೀರಿಸುವವನು ಮಾತ್ರ ಬೇರೆ.

ದಾರದ ವ್ಯಾಪಾರ, ಹಸಿವಿನ ಬೋಧನೆ

ಭಯವಿದ್ದ ಕಡೆ ಅಂಗಡಿ ತೆರೆಯುವವರೂ ಇರುತ್ತಾರೆ. ಅದೇ 2020ರಲ್ಲಿ ಲಂಡನ್ನಿನಲ್ಲಿ ಕ್ಲೈಮೇಟ್ ವೈಸ್‌ಮನ್ ಎಂಬ ಧರ್ಮಬೋಧಕ ಕೊರೋನಾದಿಂದ ಕಾಯುವ ಸಾಮಾನೆಂದು ಒಂದು ಸಣ್ಣ ಸೀಸೆ ಎಣ್ಣೆ, ಒಂದೆಳೆ ಕೆಂಪು ದಾರವನ್ನು ಇಂಟರ್‌ನೆಟ್ಟಿನಲ್ಲಿ ಮಾರಿದ. ಬೆಲೆ 91 ಪೌಂಡು! ನಮ್ಮ ಹಣದಲ್ಲಿ ಎಂಟು ಸಾವಿರಕ್ಕೂ ಮೇಲೆ. 2022ರ ಡಿಸೆಂಬರಿನಲ್ಲಿ ಅಲ್ಲಿಯ ನ್ಯಾಯಾಲಯ ಅವನು ವಂಚನೆ ಮಾಡಿದನೆಂದು ತೀರ್ಪು ಕೊಟ್ಟಿತು. ನಮ್ಮ ಗಿರಣಿಯಲ್ಲಿ ದಿನವಿಡೀ ನೂಲು ತೆಗೆಯುವ ಹೆಣ್ಣುಮಗಳು ಒಂದೆಳೆ ದಾರಕ್ಕೆ ಈ ಬೆಲೆ ಎಂದು ಕೇಳಿದರೆ ಏನೆನ್ನಬೇಕು? ನಿಮ್ಮ ತಕ್ಕಡಿಗೆ, ತೂಕದ ಕಲ್ಲಿಗೆ ಸರ್ಕಾರ ಮುದ್ರೆ ಹಾಕುತ್ತದೆ. ಐದು ಗ್ರಾಂ ಕಮ್ಮಿಯಾದರೆ ದಂಡ ಹಾಕುತ್ತದೆ. ಪವಾಡದ ತೂಕಕ್ಕೆ ಮುದ್ರೆ ಹಾಕುವವರು ಯಾರು?

ದುಡ್ಡು ಹೋದರೆ ದುಡಿಯಬಹುದು. ಕೀನ್ಯಾ ದೇಶದಲ್ಲಿ ಹೋದದ್ದು ದುಡ್ಡಲ್ಲ. ಪಾಲ್ ಮೆಕೆಂಜಿ ಎಂಬ ಬೋಧಕ ಟೆಲಿವಿಷನ್ನಿನಲ್ಲಿಯೂ ಯೂಟ್ಯೂಬಿನಲ್ಲಿಯೂ ವರ್ಷಗಟ್ಟಲೆ ಬೋಧನೆ ಮಾಡಿದ. ಶಾಲೆ ಸೈತಾನನದು, ಆಸ್ಪತ್ರೆ ಸೈತಾನನದು, ಲೋಕದ ಕೊನೆ ಬಂತು ಎಂದ. ಅವನ ಮಾತು ಕೇಳಿದವರು ಕೆಲಸ ಬಿಟ್ಟು, ಇದ್ದುದನ್ನು ಮಾರಿ, ಮಾಲಿಂಡಿ ಪಟ್ಟಣದ ಹಿಂದಿರುವ ಶಾಕಹೋಲಾ ಎಂಬ ಕಾಡಿಗೆ ಹೋದರು. ಉಪವಾಸವಿದ್ದು ಸತ್ತರೆ ಯೇಸುವನ್ನು ಕಾಣಬಹುದೆಂದು ಅಲ್ಲಿ ಹೇಳಿಕೊಟ್ಟರೆಂಬುದು ಆರೋಪ. 2023ರ ಏಪ್ರಿಲಿನಲ್ಲಿ ಪೊಲೀಸರು ನೆಲ ಅಗೆಯತೊಡಗಿದರು. ಅಗೆದು ತೆಗೆದ ಹೆಣಗಳು ನಾನೂರಕ್ಕೂ ಮೇಲೆ. ಅವುಗಳಲ್ಲಿ ಎಷ್ಟೋ ಮಕ್ಕಳವು. 2024ರಲ್ಲಿ 191 ಮಕ್ಕಳ ಕೊಲೆಯ ಆರೋಪವನ್ನು ಅವನ ಮೇಲೂ ಅವನ ಕಡೆಯವರ ಮೇಲೂ ಹೊರಿಸಿದರು. ತಾವು ತಪ್ಪಿತಸ್ಥರಲ್ಲವೆಂದು ಅವರು ವಾದಿಸಿದರು. ಮಕ್ಕಳು ಫೋನು ನೋಡಿ ಕಾಡಿಗೆ ಹೋಗಲಿಲ್ಲ ಎಂಬುದನ್ನು ಮರೆಯಬೇಡಿ. ಅಪ್ಪ ಅಮ್ಮ ನೋಡಿದರು. ಮಕ್ಕಳು ಅಪ್ಪ ಅಮ್ಮನನ್ನು ನಂಬಿದರು.

ನಂಬಿಕೆ ಬೇರೆ, ಮೂಢನಂಬಿಕೆ ಬೇರೆ

"ಹಾಗಾದರೆ ದೇವರನ್ನೇ ಬಿಡಬೇಕೇನು?" ಎಂದು ಕೆಲವರು ಕೇಳಬಹುದು. ನಾವು ಹಾಗೆ ಹೇಳಲು ಬಂದಿಲ್ಲ. ದಿನದ ದುಡಿತ ಮುಗಿಸಿ ಬಂದವನು ದೀಪ ಹಚ್ಚಿ ಎರಡು ನಿಮಿಷ ಕಣ್ಣು ಮುಚ್ಚುವುದರಿಂದ, ಭಾನುವಾರ ಚರ್ಚಿಗೆ ಹೋಗಿ ಮಂಡಿಯೂರುವುದರಿಂದ ಯಾರ ಗಂಟೂ ಹೋಗುವುದಿಲ್ಲ. ಅದು ಅವನ ಹಕ್ಕು. ಆ ಹಕ್ಕನ್ನು ಯಾರಾದರೂ ಕಸಿಯಬಂದರೆ ನಮ್ಮ ಪಕ್ಷ ಅವನ ಪಕ್ಕದಲ್ಲಿ ನಿಲ್ಲುತ್ತದೆ.

ಯೇಸುಸ್ವಾಮಿಯ ಕಥೆಯಲ್ಲಿಯೇ ನೋಡಿ. ದೇವಾಲಯದ ತುದಿಯಿಂದ ಧುಮುಕು, ದೇವದೂತರು ಹಿಡಿದುಕೊಳ್ಳುತ್ತಾರೆ ಎಂದು ಸೈತಾನ ಅವನಿಗೆ ಹೇಳುತ್ತಾನೆ. ಅವನು ಧುಮುಕುವುದಿಲ್ಲ. ದೇವರನ್ನು ಹಾಗೆ ಪರೀಕ್ಷಿಸಕೂಡದೆನ್ನುತ್ತಾನೆ. ದೇವಾಲಯದ ಅಂಗಳದಲ್ಲಿ ಕಾಸು ವಿನಿಮಯ ಮಾಡುತ್ತಿದ್ದವರ ಮೇಜುಗಳನ್ನು ಅವನು ಉರುಳಿಸಿದ ಕಥೆ ನಿಮಗೆಲ್ಲ ಗೊತ್ತು. ಅಂಥವನ ಚಿತ್ರ ಅಂಟಿಸಿ ಹೆದರಿಸುವುದು, ಅಂಥವನ ಹೆಸರಿನಲ್ಲಿ ದಾರ ಮಾರುವುದು ಕ್ರೈಸ್ತ ಧರ್ಮವೆಂದು ನಾವಂತೂ ಒಪ್ಪುವುದಿಲ್ಲ.

ನಮ್ಮ ನಾಡಿಗೆ ಆ ಧರ್ಮದವರು ತಂದದ್ದು ಬೇರೆಯೇ ಕಾಗದ. ಕನ್ನಡದ ಮೊದಲನೆಯ ಪತ್ರಿಕೆ 'ಮಂಗಳೂರ ಸಮಾಚಾರ'ವನ್ನು 1843ರಲ್ಲಿ ಹೊರಡಿಸಿದವನು ಬಾಸೆಲ್ ಮಿಷನ್ನಿನ ಪಾದ್ರಿ ಹರ್ಮನ್ ಮೋಗ್ಲಿಂಗ್. 1894ರಲ್ಲಿ ಹೊರಬಂದ ಕನ್ನಡದ ದೊಡ್ಡ ನಿಘಂಟನ್ನು ಕಟ್ಟಿದವನು ಪಾದ್ರಿ ಕಿಟ್ಟೆಲ್. ಅವರು ಬಂದದ್ದು ಮತಪ್ರಚಾರಕ್ಕೆ, ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಆ ಪತ್ರಿಕೆಯ ಮೇಲೆ ಊರಿನ ಹೆಸರಿತ್ತು, ತಾರೀಕಿತ್ತು, ಅಚ್ಚು ಮಾಡಿದವರು ಯಾರೆಂದು ಗೊತ್ತಿತ್ತು. ಸುಳ್ಳಾದರೆ ಬಾಗಿಲು ತಟ್ಟಿ ಕೇಳಬಹುದಾಗಿತ್ತು. ಸ್ವರ್ಗದ ಕಾಗದಕ್ಕೆ ವಿಳಾಸವೆಲ್ಲಿ?

ಕೇಳಿದವರಿಗೆ ಏನಾಗುತ್ತದೆ ಎಂಬುದಕ್ಕೂ ಒಂದು ಉದಾಹರಣೆ ಇದೆ. 2012ರ ಮಾರ್ಚಿನಲ್ಲಿ ಮುಂಬಯಿಯ ಇರ್ಲಾದಲ್ಲಿ, ವೇಲಾಂಕಣಿ ಮಾತೆಯ ಚರ್ಚಿನ ಬಳಿ ಶಿಲುಬೆಯ ಪ್ರತಿಮೆಯ ಪಾದದಿಂದ ನೀರು ತೊಟ್ಟಿಕ್ಕತೊಡಗಿತು. ಜನ ಸೀಸೆ ಹಿಡಿದು ಬಂದರು, ತೀರ್ಥವೆಂದು ಕುಡಿದವರೂ ಇದ್ದರು. ವಿಚಾರವಾದಿ ಸನಲ್ ಎಡಮರುಕು ಹೋಗಿ ಗೋಡೆಯ ಹಿಂದೆ ನೋಡಿದ. ಹತ್ತಿರದ ಮೋರಿ ಕಟ್ಟಿಕೊಂಡಿತ್ತು. ದೀಪದ ಬತ್ತಿಗೆ ಎಣ್ಣೆ ಏರುತ್ತದಲ್ಲ, ಹಾಗೆಯೇ ಆ ನೀರು ಗೋಡೆಯಲ್ಲಿ ಏರಿ ಪ್ರತಿಮೆಗೆ ಬಂದಿತ್ತು. ಮೋರಿ ನೀರೆಂದು ಹೇಳಿದವನಿಗೆ ಜನ ಉಪಕಾರ ಸ್ಮರಿಸಬೇಕಿತ್ತು. ಧರ್ಮನಿಂದೆಯ ಮೊಕದ್ದಮೆ ಹೂಡಿದರು. ಅವನು ದೇಶ ಬಿಟ್ಟು ಫಿನ್ಲೆಂಡಿಗೆ ಹೋಗಬೇಕಾಯಿತು. ಮರುವರ್ಷ ಆಗಸ್ಟ್ 20ರಂದು ಪುಣೆಯಲ್ಲಿ ಡಾಕ್ಟರ್ ನರೇಂದ್ರ ದಾಭೋಲ್ಕರರನ್ನು ಗುಂಡಿಟ್ಟು ಕೊಂದರು. ಅವರು ಹೋರಾಡಿದ್ದು ಹೆಚ್ಚಾಗಿ ಹಿಂದೂ ಸಮಾಜದ ಮೂಢಾಚಾರಗಳ ವಿರುದ್ಧ. ಪ್ರಶ್ನೆ ಕೇಳುವವನನ್ನು ಸಹಿಸದಿರುವುದರಲ್ಲಿ ಮತಗಳಿಗೆ ಭೇದವಿಲ್ಲವೆಂದಾಯಿತು.

ಕಾನೂನು ಇಲ್ಲದಿಲ್ಲ. ಮಂತ್ರ, ತಾಯಿತಗಳಿಂದ ರೋಗ ಗುಣವಾಗುತ್ತದೆಂದು ಜಾಹೀರಾತು ಕೊಡುವುದನ್ನು ತಡೆಯುವ ಕೇಂದ್ರದ ಕಾಯಿದೆ 1954ರದು. ನಮ್ಮ ರಾಜ್ಯದ್ದು 2017ರಲ್ಲಿ ಆಯಿತು, 2020ರಲ್ಲಿ ಜಾರಿಗೆ ಬಂತು. ಆದರೆ ಕಾನೂನು ಪುಸ್ತಕದಲ್ಲಿದ್ದರೆ ಸಾಲದು. ಜನರ ಭಯ ಎಲ್ಲಿಂದ ಬಂತು ಎಂಬುದನ್ನೂ ನೋಡಬೇಕು.

ಮಗಳಿಗೆ ಜ್ವರ ಬಂದ ಆ ಸಂಗಾತಿ ಏತಕ್ಕೆ ಫೋನಿನ ಮೊರೆಹೊಕ್ಕ? ಇಎಸ್‌ಐ ದವಾಖಾನೆಗೆ ಹೋದರೆ ಡಾಕ್ಟರಿಲ್ಲ. ಖಾಸಗಿಗೆ ಹೋದರೆ ಬಾಗಿಲಿನಲ್ಲಿಯೇ ಐನೂರು. ಒಂದು ದಿನ ಪಾಳಿ ತಪ್ಪಿಸಿದರೆ ಪಗಾರ ಹೋಗುತ್ತದೆ. ಯಾವ ಕಡೆ ತಿರುಗಿದರೂ ಗೋಡೆ. ಆಗ ಬಿಟ್ಟಿ ಸಿಕ್ಕುವ ಔಷಧ ಇದೊಂದೇ: ಹನ್ನೆರಡು ಜನಕ್ಕೆ ಕಳಿಸು! ಡಾಕ್ಟರಿಲ್ಲದ ಊರಿನಲ್ಲಿ ಪವಾಡದ ಅಂಗಡಿ ಚೆನ್ನಾಗಿ ನಡೆಯುತ್ತದೆ. ಆದುದರಿಂದ ಮೂಢನಂಬಿಕೆಯನ್ನು ಬೈದು ದವಾಖಾನೆಯ ಮಾತೆತ್ತದವನ ಸುಧಾರಣೆ ಅರ್ಧ ಸುಧಾರಣೆ.

ಮಾಡಬೇಕಾದ್ದು

ನಾಲ್ಕು ಮಾತು ಹೇಳಿ ಮುಗಿಸುತ್ತೇವೆ.

ಒಂದು: ಯಾರು ಹೇಳಿದರು, ಯಾವ ಊರು, ಯಾವ ತಾರೀಕು ಎಂಬುದಿಲ್ಲದ ಸಂದೇಶವನ್ನು ನಮ್ಮಲ್ಲಿಯೇ ನಿಲ್ಲಿಸೋಣ. ಹೆದರಿಸುವ ಸಂದೇಶವನ್ನಂತೂ ಯಾವ ಕಾರಣಕ್ಕೂ ಮುಂದಕ್ಕೆ ನೂಕಬಾರದು. ನಾವು ಆಗಲೇ ಎಷ್ಟೋ ಅಳಿಸಿದ್ದೇವೆ. ನಿಮ್ಮೆದುರಿಗೆ ನಿಂತಿದ್ದೇವೆ, ನೋಡಿ!

ಎರಡು: ಫೋನಿನಲ್ಲಿ ಯಾವ ಸ್ವಾಮಿ, ಯಾವ ಪಾದ್ರಿ, ಯಾವ ಮೌಲ್ವಿ ಹೇಳಿದರೂ, ಡಾಕ್ಟರು ಕೊಟ್ಟ ಗುಳಿಗೆ ನಿಲ್ಲಿಸಬಾರದು. ಪ್ರಾರ್ಥನೆ ಮಾಡಿ, ಗುಳಿಗೆಯನ್ನೂ ನುಂಗಿ.

ಮೂರು: ನಂಬಿ ಕಳಿಸಿದವನನ್ನು ಹತ್ತು ಜನರ ಮುಂದೆ ನಗೆಪಾಟಲು ಮಾಡಬೇಡಿ. ಪಕ್ಕಕ್ಕೆ ಕರೆದು ಹೇಳಿ. ಇನ್ನು ಮುಂದೆ ಪ್ರತಿ ಬುಧವಾರ ಸಂಜೆ ಏಳರಿಂದ ಎಂಟರವರೆಗೆ ನಾವು ಈ ವಾಚನಾಲಯದಲ್ಲಿ ಕೂತಿರುತ್ತೇವೆ. ಅನುಮಾನ ಬಂದ ಸಂದೇಶ ತನ್ನಿ, ಕೂಡಿ ವಿಚಾರಿಸೋಣ.

ನಾಲ್ಕು: ದವಾಖಾನೆಗೆ ಎರಡನೆಯ ಪಾಳಿಯ ಹೊತ್ತಿಗೂ ಒಬ್ಬ ಡಾಕ್ಟರು ಬೇಕೆಂಬ ಅರ್ಜಿ ಬಾಗಿಲ ಹತ್ತಿರದ ಮೇಜಿನ ಮೇಲಿದೆ. ಗಿರಣಿಯವರು, ಅಂಗಡಿಯವರು ಎಲ್ಲರೂ ಸಹಿ ಹಾಕಿಯೇ ಹೋಗಬೇಕು. ಅದನ್ನು ಬೇಕಾದರೆ ಹನ್ನೆರಡು ಜನಕ್ಕೆ ತೋರಿಸಿ.

ಆ ಮಗುವಿನ ವಿಷಯ ಹೇಳಲಿಲ್ಲವೆಂದು ಹಿಂದಿನ ಸಾಲಿನವರು ಕೇಳುತ್ತಿದ್ದಾರೆ. ಅಂದೇ ಸಂಜೆ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ರಕ್ತ ಪರೀಕ್ಷೆಯಾಯಿತು, ಟೈಫಾಯಿಡ್ ಎಂದರು. ಪರೀಕ್ಷೆಯ ಚೀಟಿ ಹಿಡಿದು ಸಾಲಿನಲ್ಲಿ ನಿಂತವನು ಚಹದಂಗಡಿಯಲ್ಲಿ ನಕ್ಕವನೇ. ತಂದೆ ಮಂಚದ ಪಕ್ಕದಲ್ಲಿ ಮಂಡಿಯೂರಿ ಪ್ರಾರ್ಥನೆ ಮಾಡುತ್ತಿದ್ದ. ಯಾರೂ ಬೇಡವೆನ್ನಲಿಲ್ಲ. ಮಗು ಈಗ ಶಾಲೆಗೆ ಹೋಗುತ್ತಿದೆ.